‘ಇದು ಹೊಸದು’ ಅನ್ನುವ ಮೊದಲು: ಬೆಟ್ಟದ ಪೊದೆಯೊಂದನ್ನು ಹೊಸ ಪ್ರಭೇದವಾಗಿ ವಿವರಿಸುವ ಬಗೆ

ಬೆಟ್ಟದ ನೆತ್ತಿಯ ಹತ್ತಿರ, ಬಂಡೆಯ ಸಂದಿಯಲ್ಲಿ ಸೊಂಟದೆತ್ತರದ ಪೊದೆಯೊಂದು ಮೈತುಂಬ ಹೂ ಬಿಟ್ಟು ನಿಂತಿದೆ. ಆ ಕುಲದ ಗಿಡಗಳನ್ನು ವರ್ಷಗಟ್ಟಲೆ ನೋಡಿದವರು ನೀವು. ಆದರೂ ಇದರ ಗುರುತು ಹತ್ತುತ್ತಿಲ್ಲ. ನಾಲಿಗೆಯ ತುದಿಗೆ ಬರುವ ಮಾತು ಒಂದೇ: ‘ಇದು ಹೊಸದು.’ ಆ ಮಾತನ್ನು ಸದ್ಯಕ್ಕೆ ನುಂಗಿಕೊಳ್ಳಿ. ಅದನ್ನು ಹೇಳುವ ಹಕ್ಕು ಸಿಗುವುದು ಕೆಲಸದ ಕೊನೆಗೆ. ಅಲ್ಲಿಯವರೆಗೆ ನಿಮ್ಮ ಕೆಲಸವೆಲ್ಲ ‘ಇದು ಹಳೆಯದೇ ಇರಬಹುದು’ ಎಂದು ನಂಬಿ, ಆ ನಂಬಿಕೆಯನ್ನು ಒಂದೊಂದಾಗಿ ಮುರಿಯುತ್ತ ಹೋಗುವುದು.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2,000 ಹೊಸ ಸಸ್ಯ ಪ್ರಭೇದಗಳಿಗೆ ಹೆಸರು ಬೀಳುತ್ತದೆ. ಇವೆಲ್ಲ ನಿನ್ನೆ ಮೊನ್ನೆ ಬೆಟ್ಟ ಹತ್ತಿದವರು ತಂದವಲ್ಲ. ಹೂ ಬಿಡುವ ಸಸ್ಯಗಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮಾದರಿ ಸಂಗ್ರಹಿಸಿದ 5 ವರ್ಷದೊಳಗೆ ವಿವರಣೆ ಕಂಡ ಹೊಸ ಪ್ರಭೇದಗಳು ಶೇಕಡಾ 16 ಮಾತ್ರ. ಸುಮಾರು ಕಾಲು ಭಾಗದ ವಿವರಣೆಗಳಲ್ಲಿ 50 ವರ್ಷಕ್ಕಿಂತ ಹಳೆಯ ಮಾದರಿಗಳು ಸೇರಿದ್ದವು. ಅಂದರೆ ನಿಮ್ಮ ಪೊದೆಯನ್ನು ನಿಮಗಿಂತ ಮೊದಲು ಯಾರೋ ಕಿತ್ತು ತಂದು, ತಪ್ಪು ಹೆಸರಿನ ಚೀಟಿ ಅಂಟಿಸಿ ಯಾವುದೋ ಕಪಾಟಿನಲ್ಲಿ ಇಟ್ಟಿರುವ ಸಾಧ್ಯತೆ ಸಾಕಷ್ಟಿದೆ.

ಮೊದಲ ಹೆಜ್ಜೆ: ಗಿಡದ ಮುಂದೆ ಕೂತು ಬರೆದುಕೊಳ್ಳುವುದು

ಅನುಮತಿ ಪತ್ರ ಇಲ್ಲದೆ ರೆಂಬೆ ಮುರಿಯಬೇಡಿ. ಎತ್ತರದ ಬೆಟ್ಟಗಳಲ್ಲಿ ಬಹಳಷ್ಟು ಸಂರಕ್ಷಿತ ಪ್ರದೇಶಗಳು. ಅನುಮತಿಯ ಸಂಖ್ಯೆ ಕೊಡದ ಲೇಖನವನ್ನು ಒಳ್ಳೆಯ ಪತ್ರಿಕೆಗಳು ವಾಪಸ್ ಕಳಿಸುತ್ತವೆ. ಮಾದರಿಯನ್ನು ಗಡಿ ದಾಟಿಸುವ ಯೋಚನೆ ಇದ್ದರೆ ಅದಕ್ಕೆ ಬೇರೆ ಪತ್ರ ಬೇಕು; ಜೈವಿಕ ಸಂಪತ್ತಿನ ಬಳಕೆ, ಲಾಭ ಹಂಚಿಕೆಗಾಗಿ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ನಂತರ ಇದು ಇನ್ನೂ ಬಿಗಿಯಾಗಿದೆ.

ಒಣಗಿದ ಮೇಲೆ ಕಳೆದುಹೋಗುವುದನ್ನೆಲ್ಲ ಅಲ್ಲೇ ಬರೆದುಕೊಳ್ಳಿ. ಗಿಡದ ಎತ್ತರ, ನೆಟ್ಟಗಿದೆಯೋ ನೆಲಕ್ಕೆ ಹರಡಿದೆಯೋ, ತೊಗಟೆ ಸುಲಿಯುತ್ತದೋ, ಎಲೆ ಹಿಸುಕಿದರೆ ವಾಸನೆ ಏನು, ಮುರಿದರೆ ಹಾಲು ಬರುತ್ತದೋ, ಹೂ ಮೇಲ್ಮುಖವೋ ಜೋತುಬಿದ್ದದ್ದೋ, ಯಾವ ಹುಳ ಯಾವ ಹಕ್ಕಿ ಬಂದು ಹೋಯಿತು. ಬಣ್ಣದ ವಿಷಯದಲ್ಲಿ ನಾನೇ ಕೈಸುಟ್ಟುಕೊಂಡಿದ್ದೇನೆ. ನನ್ನ ಹಳೆಯ ಟಿಪ್ಪಣಿಯೊಂದರಲ್ಲಿ ‘ಹೂ ನೇರಳೆ’ ಎಂದಷ್ಟೇ ಇತ್ತು. ಕೊಳವೆಯ ಒಳಗೋ ಹೊರಗೋ? ಮೊಗ್ಗಿನಲ್ಲೋ, ಬಾಡುವಾಗಲೋ? ಗಂಟಲಿನಲ್ಲಿ ಚುಕ್ಕೆ ಇತ್ತೋ ಇಲ್ಲವೋ? ಹಾಳೆಯ ಮೇಲಿನ ಹೂ ಅಷ್ಟು ಹೊತ್ತಿಗೆ ಚಹಾದ ಕಲೆಯ ಬಣ್ಣಕ್ಕೆ ತಿರುಗಿತ್ತು. ಮತ್ತೆ ಬೆಟ್ಟ ಹತ್ತಿದಾಗ ಹೂವಿನ ಕಾಲವೇ ಮುಗಿದಿತ್ತು. ಇನ್ನೊಂದು ವರ್ಷ ಕಾಯಬೇಕಾಯಿತು. ಸ್ಟ್ರೋಬಿಲಾಂಥೀಸ್ ಕುಲದ ಗಿಡವಾಗಿದ್ದರೆ ಏನು ಗತಿ! ಆ ಕುಲದ ಕುಂತಿಯಾನಾ, ಅಂದರೆ ನೀಲಕುರಿಂಜಿ, ಅರಳುವುದೇ 12 ವರ್ಷಕ್ಕೊಮ್ಮೆ.

ಫೋಟೋ ತೆಗೆಯುವಾಗ ಅಳತೆಪಟ್ಟಿ ಪಕ್ಕದಲ್ಲಿರಲಿ. ಇಡೀ ಗಿಡ, ರೆಂಬೆಯ ತುದಿ, ಎಲೆಯ ಎರಡೂ ಬದಿ, ಹೂವನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಆಮೇಲೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿಟ್ಟದ್ದು. ಹಿಂದಿನಿಂದ ತೆಗೆದ ಹೂವಿನ ಚಿತ್ರವನ್ನು ಎಲ್ಲರೂ ಮರೆಯುತ್ತಾರೆ. ಪುಷ್ಪಪಾತ್ರೆ (ದಳಗಳ ಹೊರಗಿನ ಬಟ್ಟಲು) ಕಾಣುವುದು ಅಲ್ಲಿಯೇ.

ರೆಂಬೆಗಳನ್ನು ಮೂರರಿಂದ ಐದು ಪ್ರತಿ ತೆಗೆದುಕೊಳ್ಳಿ. ಒಂದು ಹಾಳೆ, ಸುಮಾರು 29 × 42 ಸೆಂ.ಮೀ., ತುಂಬುವಷ್ಟು ಉದ್ದ ಸಾಕು. ಎಲ್ಲ ಎಲೆಗಳೂ ಬೆನ್ನು ಮೇಲಾಗಿ ಒತ್ತಿಕೊಳ್ಳದಂತೆ, ಎಲ್ಲವೂ ಮುಖ ಮೇಲಾಗಿಯೂ ಒತ್ತಿಕೊಳ್ಳದಂತೆ ಹರಡಿ. ಬೆಟ್ಟದ ತೇವದಲ್ಲಿ, ಗಿಡ ಒತ್ತಿಟ್ಟ ದಿನಪತ್ರಿಕೆಯ ಹಾಳೆಗಳನ್ನು ಮೊದಲ ಕೆಲವು ದಿನ ದಿನವೂ ಬದಲಿಸದಿದ್ದರೆ ಎಲೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಕೆಲವು ಹೂಗಳನ್ನು ಶೇಕಡಾ 70ರ ಆಲ್ಕೋಹಾಲಿನಲ್ಲಿ ಹಾಕಿಡಿ, ಒಂದಿಷ್ಟು ಎಲೆಯ ಚೂರುಗಳನ್ನು ಡಿಎನ್‌ಎಗಾಗಿ ಸಿಲಿಕಾ ಜೆಲ್‌ನಲ್ಲಿ. ಆದರೆ ಅಲ್ಲಿರುವುದೇ ಏಳೆಂಟು ಗಿಡ ಅಂದರೆ ಪ್ರತಿಗಳ ಆಸೆ ಬಿಟ್ಟು, ಬುಡ ಅಲುಗಿಸದೆ, ಒಂದೇ ರೆಂಬೆಗೆ ತೃಪ್ತಿಪಡಿ. ಹೊಸ ಪ್ರಭೇದವನ್ನು ಕಂಡುಹಿಡಿದವರೇ ಅದನ್ನು ಮುಗಿಸಿಬಿಟ್ಟರು ಅನ್ನಿಸಿಕೊಳ್ಳುವುದು ಬೇಡ.

ಎತ್ತರ ಮಾಡುವ ಮೋಸ

ಬೆಟ್ಟದ ಗಿಡಗಳಿಗೆ ಮಾತ್ರ ಇರುವ ಒಂದು ತಲೆನೋವು ಇದು. ಹಾಗಾಗಿ ಸ್ವಲ್ಪ ನಿಲ್ಲೋಣ. ಮೇಲೆ ಹೋದಂತೆ ಗಾಳಿ, ಚಳಿ, ಬಿಸಿಲಿನ ಹೊಡೆತಕ್ಕೆ ಒಂದೇ ಪ್ರಭೇದದ ಗಿಡ ಕುಳ್ಳಾಗುತ್ತದೆ, ಎಲೆ ಚಿಕ್ಕದೂ ದಪ್ಪವೂ ಆಗುತ್ತದೆ, ರೋಮ ಹೆಚ್ಚಬಹುದು. ಕಣಿವೆಯಲ್ಲಿ ತಲೆಗಿಂತ ಎತ್ತರ ಬೆಳೆಯುವ ಪೊದೆ ನೆತ್ತಿಯ ಮೇಲೆ ಮೊಣಕಾಲುದ್ದ ನಿಂತಿದ್ದರೆ ನೋಡಿದವರಿಗೆ ಬೇರೆ ಗಿಡದಂತೆಯೇ ಕಾಣುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಕ್ಲಾಸೆನ್, ಕೆಕ್, ಹೀಸಿ ಎಂಬ ಮೂವರು ವಿಜ್ಞಾನಿಗಳು ಇದನ್ನು ನೆಟ್ಟು ನೋಡಿದರು. ಒಂದೇ ಗಿಡದ ತುಂಡುಗಳನ್ನು ಸಮುದ್ರಮಟ್ಟದ ಹತ್ತಿರದ ಸ್ಟ್ಯಾನ್‌ಫೋರ್ಡ್‌ನಲ್ಲಿ, ಸುಮಾರು 1,400 ಮೀಟರ್ ಎತ್ತರದ ಮ್ಯಾಥರ್‌ನಲ್ಲಿ, 3,050 ಮೀಟರ್‌ನ ಟಿಂಬರ್‌ಲೈನ್‌ನಲ್ಲಿ ಬೆಳೆಸಿ 1940ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಿಡದ ಗಾತ್ರದಲ್ಲಿ ಒಂದು ಪಾಲು ಜಾಗದಿಂದ ಬಂದದ್ದು, ಇನ್ನೊಂದು ಪಾಲು ವಂಶದಿಂದಲೇ ಬಂದದ್ದು. ವಂಶದಿಂದ ಬಂದರೂ ಅದು ಒಂದೇ ಪ್ರಭೇದದೊಳಗಿನ ತಳಿಭೇದವಾಗಿರಬಹುದು. ನಿಮಗೆ ಇದರಿಂದ ಸಿಗುವ ಪಾಠ ಸರಳ: ‘ಕುಳ್ಳು’, ‘ಎಲೆ ಚಿಕ್ಕದು’, ‘ರೋಮ ದಟ್ಟ’ ಇಷ್ಟನ್ನೇ ನಂಬಿ ಹೊರಡಬೇಡಿ. ಬೆಟ್ಟದ ಬುಡದಿಂದ ನೆತ್ತಿಯವರೆಗೆ ನಡೆಯುತ್ತ ಪ್ರತಿ 100 ಮೀಟರ್ ಏರಿಗೊಮ್ಮೆ ಆ ಕುಲದ ಗಿಡಗಳನ್ನು ನೋಡಿ. ಬದಲಾವಣೆ ಮೆಲ್ಲಗೆ ಜಾರುತ್ತ ಬಂದರೆ ಅದು ಎತ್ತರದ ಕೆಲಸ. ಎರಡು ರೂಪಗಳು ಒಂದೇ ಎತ್ತರದಲ್ಲಿ, ಪಕ್ಕಪಕ್ಕದಲ್ಲಿ, ನಡುವೆ ಬೆರಕೆಯಿಲ್ಲದೆ ಬೆಳೆಯುತ್ತಿದ್ದರೆ ಆಗ ಕಿವಿ ನಿಮಿರಬೇಕು.

ಬೆರಕೆ ಅಂದೆ. ರೋಡೋಡೆಂಡ್ರಾನ್‌ನಂಥ ಕುಲಗಳಲ್ಲಿ ಪ್ರಭೇದಗಳು ಧಾರಾಳವಾಗಿ ಕೂಡಿಕೊಳ್ಳುತ್ತವೆ. ನಿಮ್ಮ ಗಿಡ ಹತ್ತಿರದಲ್ಲೇ ಇರುವ ಎರಡು ಪ್ರಭೇದಗಳ ನಡುವಿನ ಲಕ್ಷಣ ತೋರಿಸುತ್ತಿದ್ದರೆ, ಅದೂ ಒಂದೋ ಎರಡೋ ಗಿಡ ಮಾತ್ರ ಇದ್ದರೆ, ಅದು ಮಿಶ್ರತಳಿ ಇರಬಹುದು. ಪರಾಗಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಬಹುತೇಕ ಕಣಗಳು ಸುಕ್ಕಾಗಿ ಟೊಳ್ಳಾಗಿದ್ದರೆ ಅನುಮಾನ ಬಲವಾಗುತ್ತದೆ.

ಹಳೆಯ ಹೆಸರುಗಳ ಕಪಾಟು

ಈಗ ಕೆಲಸ ಬೆಟ್ಟದಿಂದ ಹರ್ಬೇರಿಯಂಗೆ, ಅಂದರೆ ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹಾಲಯಕ್ಕೆ, ಇಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ಮುಕ್ಕಾಲು ಪಾಲು ಇಲ್ಲೇ. ಆ ಪ್ರದೇಶದ ಸಸ್ಯಸಂಪತ್ತಿನ ಗ್ರಂಥದ ಕೀಲಿಯಲ್ಲಿ (ಲಕ್ಷಣ ನೋಡುತ್ತ ಹೆಸರು ಹುಡುಕುವ ಪಟ್ಟಿಯಲ್ಲಿ) ಗಿಡ ಸಿಗಲಿಲ್ಲ ಅಂದ ಮಾತ್ರಕ್ಕೆ ಹೊಸದಲ್ಲ. ಬೆಟ್ಟಸಾಲು ದೇಶದ ಗಡಿ ನೋಡಿ ನಿಲ್ಲುವುದಿಲ್ಲ. ಸಾಲಿನ ಆಚೆ ಬದಿಯ ದೇಶದ ಗ್ರಂಥವನ್ನೂ ತೆಗೆಯಿರಿ. ಕುಲದಲ್ಲಿ ಇದುವರೆಗೆ ಬಂದ ಹೆಸರುಗಳೆಲ್ಲ ಐಪಿಎನ್‌ಐ ಎಂಬ ಅಂತರರಾಷ್ಟ್ರೀಯ ಸಸ್ಯನಾಮ ಸೂಚಿಯಲ್ಲಿವೆ. ಈಗ ಒಪ್ಪಿರುವ ಹೆಸರುಗಳು ಕ್ಯೂ ಉದ್ಯಾನದ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ನಲ್ಲಿ, ಹಳೆಯ ಪುಸ್ತಕಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ, ಟೈಪ್ ಹಾಳೆಗಳ (ಹೆಸರಿಗೆ ಆಧಾರವಾದ ಮೂಲ ಮಾದರಿಗಳ) ಚಿತ್ರಗಳು ಜೆಸ್ಟೋರ್ ಗ್ಲೋಬಲ್ ಪ್ಲಾಂಟ್ಸ್‌ನಲ್ಲಿ ಸಿಗುತ್ತವೆ.

ಒಪ್ಪಿತ ಹೆಸರುಗಳನ್ನು ಮಾತ್ರ ನೋಡಿ ಬಿಡುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಪರ್ಯಾಯನಾಮಗಳೆಂದು ತಳ್ಳಿಹಾಕಿದವುಗಳ ಟೈಪ್‌ಗಳನ್ನೂ ಒಂದೊಂದಾಗಿ ನೋಡಬೇಕು. ನಿಮ್ಮ ಪೊದೆಗೆ ನೂರೈವತ್ತು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟು, ಆಮೇಲೆ ಬಂದವರು ‘ಇದೂ ಅದೂ ಒಂದೇ’ ಎಂದು ಸೇರಿಸಿಬಿಟ್ಟಿರಬಹುದು. ಹಾಗಿದ್ದರೆ ನೀವು ಬರೆಯಬೇಕಾದ್ದು ಹೊಸ ಪ್ರಭೇದದ ಲೇಖನವಲ್ಲ, ಹಳೆಯ ಹೆಸರಿಗೆ ಮರುಜೀವ ಕೊಡುವ ಲೇಖನ. ಸುದ್ದಿಯಾಗುವುದಿಲ್ಲ, ನಿಜ.

ಟೈಪ್ ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಬೆಟ್ಟದ ಪೊದೆಯೊಂದರ ಕಥೆ ಚೆನ್ನಾಗಿದೆ. ಸಸ್ಯಶಾಸ್ತ್ರಜ್ಞ ಫರ್ಡಿನಾಂಡ್ ಫಾನ್ ಮ್ಯುಲರ್ 1887ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕೆಂಪು ಹೂವಿನ ರೋಡೋಡೆಂಡ್ರಾನ್‌ಗೆ ಲೋಕಿಯೇ ಎಂದು ಹೆಸರಿಟ್ಟ. ನೂರು ವರ್ಷ ಆ ದೇಶಕ್ಕೆ ಇರುವುದು ಅದೊಂದೇ ಎಂದು ಎಲ್ಲರೂ ನಂಬಿದ್ದರು. ಗಮನವಿಟ್ಟು ನೋಡಿದಾಗ ಎರಡು ಬಗೆ ಕಂಡವು: ಒಂದರ ಹೂಕೊಳವೆ ನೇರ, ಇನ್ನೊಂದರದು ಬಾಗಿದ್ದು. ತೋಟಗಳಲ್ಲೆಲ್ಲ ಇದ್ದದ್ದು ನೇರ ಕೊಳವೆಯದು. ಅದೇ ಲೋಕಿಯೇ ಎಂದುಕೊಂಡು, ಬಾಗಿದ ಕೊಳವೆಯದಕ್ಕೆ 1996ರಲ್ಲಿ ನೋಟಿಯಾಲೆ ಎಂಬ ಹೊಸ ಹೆಸರು ಬಂತು. ಆಮೇಲೆ ಗೊತ್ತಾಯಿತು, ಮ್ಯುಲರ್‌ನ ಮೂಲ ಮಾದರಿಯೇ ಬಾಗಿದ ಕೊಳವೆಯ ಗಿಡ! ಹೊಸ ಹೆಸರು ಬಿದ್ದುಹೋಯಿತು. ಎಲ್ಲರಿಗೂ ಗೊತ್ತಿದ್ದ ತೋಟದ ಗಿಡವೇ ಹೆಸರಿಲ್ಲದೆ ನಿಂತು, ಅದಕ್ಕೆ ವಿರಿಯೋಸಮ್ ಎಂದು ನಾಮಕರಣ ಮಾಡಬೇಕಾಯಿತು. ಎರಡು ಪ್ರಭೇದ ಇವೆ ಎಂದು ಹೇಳಿದವರ ಕಣ್ಣು ಸರಿಯಾಗಿಯೇ ಇತ್ತು. ಯಾವುದು ಹೊಸದು ಅನ್ನುವುದಷ್ಟೇ ತಲೆಕೆಳಗಾಗಿತ್ತು.

ಅಳೆಯುವುದು

ಒಂದು ಗಿಡವನ್ನು ಅಳೆದರೆ ಸಿಗುವುದು ಆ ಗಿಡದ ಜಾತಕ, ಪ್ರಭೇದದ್ದಲ್ಲ. ಆದಷ್ಟು ಬೇರೆ ಬೇರೆ ಗಿಡಗಳಿಂದ, ರೆಂಬೆಯ ನಡುಭಾಗದ ಬಲಿತ ಎಲೆಗಳನ್ನೇ ಆರಿಸಿ ಅಳೆಯಿರಿ. ತುದಿಯ ಎಳೆ ಎಲೆಯನ್ನೂ ಬುಡದ ಹಳೆ ಎಲೆಯನ್ನೂ ಬೆರೆಸಿದರೆ ಅಂಕಿಗೆ ಅರ್ಥವಿಲ್ಲ. ಅಳತೆಯನ್ನು ಹೀಗೆ ಬರೆಯುವುದು ರೂಢಿ: ಎಲೆ (3.1–)4–6.5(–7.8) ಸೆಂ.ಮೀ. ಸಾಮಾನ್ಯವಾಗಿ ಕಾಣುವುದು ನಡುವಿನ ಎರಡು ಅಂಕಿಗಳ ಒಳಗೆ, ಅಪರೂಪದ ಅತಿಗಳು ಕಂಸದಲ್ಲಿ.

ಒಣಗಿದ ಹೂವನ್ನು ಹಾಗೇ ಬಿಡಿಸಲು ಹೋದರೆ ಪುಡಿಯಾಗುತ್ತದೆ. ಬಿಸಿನೀರಿಗೆ ಒಂದು ಹನಿ ಸೋಪಿನ ದ್ರಾವಣ ಹಾಕಿ ಕೆಲವು ನಿಮಿಷ ನೆನೆಸಿ. ಹೂ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ, ಕೇಸರಗಳು ಕೊಳವೆಗೆ ಎಲ್ಲಿ ಅಂಟಿವೆ ಎಂದು ಸೂಜಿಯ ತುದಿಯಲ್ಲಿ ತೋರಿಸುವಷ್ಟು ಸ್ಪಷ್ಟವಾಗುತ್ತದೆ. ತಾಜಾ ಹೂವಿನ ಅಳತೆಯನ್ನು ಒಣ ಹೂವಿನದರ ಜೊತೆ ಬೆರೆಸಬೇಡಿ; ಯಾವುದು ಯಾವುದೆಂದು ಲೇಖನದಲ್ಲಿ ಹೇಳಿ. ರೋಮಗಳಿಗೆ 10 ಪಟ್ಟಿನ ಮಸೂರ ಆರಂಭಕ್ಕೆ ಸಾಕು, ಕೊನೆಗೆ ಸೂಕ್ಷ್ಮದರ್ಶಕ ಬೇಕೇ ಬೇಕು. ರೋಮ ಇದೆ ಅಂದರೆ ಸಾಲದು. ಸರಳವೋ ಕವಲೊಡೆದದ್ದೋ, ತುದಿಯಲ್ಲಿ ಗ್ರಂಥಿ ಇದೆಯೋ, ನರದ ಮೇಲೋ ಎಲ್ಲೆಡೆಯೋ, ಎಲೆ ಬಲಿತ ಮೇಲೂ ಉಳಿಯುತ್ತದೋ ಉದುರುತ್ತದೋ.

ಹತ್ತಿರದ ಪ್ರಭೇದಗಳನ್ನೂ ನೀವೇ, ಇದೇ ಕೈಯಿಂದ, ಇದೇ ರೀತಿ ಅಳೆಯಿರಿ. ಹಳೆಯ ಪುಸ್ತಕದಿಂದ ಅಂಕಿ ಎತ್ತಿ ನಿಮ್ಮ ಅಂಕಿಯ ಪಕ್ಕ ಇಟ್ಟರೆ ಎರಡು ಪ್ರಭೇದಗಳ ಬದಲು ಇಬ್ಬರು ಸಸ್ಯಶಾಸ್ತ್ರಜ್ಞರನ್ನು ಹೋಲಿಸಿದ ಹಾಗಾಗುತ್ತದೆ.

ವಿವರಣೆ ಮತ್ತು ಆ ನಾಲ್ಕು ಸಾಲು

ವಿವರಣೆ ಹೊರಗಿನಿಂದ ಒಳಕ್ಕೆ, ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ: ಗಿಡದ ರೂಪ, ಕಾಂಡ, ಎಲೆ, ಹೂಗೊಂಚಲು, ಪುಷ್ಪಪತ್ರ, ಪುಷ್ಪಪಾತ್ರೆ, ದಳ, ಕೇಸರ, ಅಂಡಾಶಯ, ಕಾಯಿ, ಬೀಜ. ಕ್ರಿಯಾಪದವಿಲ್ಲದ ಒಣ ಭಾಷೆ. ಅದು ಹಾಗೇ ಇರಬೇಕು. ಸಾಹಿತ್ಯಕ್ಕೆ ಜಾಗವಿಲ್ಲ.

ನಿಜವಾದ ಪರೀಕ್ಷೆ ಡಯಾಗ್ನೋಸಿಸ್ ಎಂಬ ನಾಲ್ಕು ಸಾಲಿನದು. ಲೇಖಕರ ಪ್ರಕಾರ ಈ ಗಿಡ ಉಳಿದವುಗಳಿಂದ ಎಲ್ಲಿ ಬೇರೆ ಅನ್ನುವುದು ಅಲ್ಲಿ ಬರಬೇಕು. ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ಕ ಪ್ರಭೇದಕ್ಕಿಂತ ಉದ್ದ ತೊಟ್ಟು, ಕಡಿಮೆ ರೋಮ, ಆಕರ್ಷಕ ಹೂಗಳು, ಎತ್ತರದ ಬೆಟ್ಟಗಳಲ್ಲಿ ಮಾತ್ರ ಕಾಣುತ್ತದೆ.’ ಇದರಿಂದ ಗಿಡ ಗುರುತಿಸಲು ಯಾರಿಗೂ ಆಗದು. ತಿದ್ದಿದ ಮೇಲೆ: ‘ಕ ಪ್ರಭೇದಕ್ಕೆ ಹತ್ತಿರದ್ದು, ಆದರೆ ಎಲೆತೊಟ್ಟು 9–14 ಮಿ.ಮೀ. (ಅಲ್ಲಿ 2–5 ಮಿ.ಮೀ.), ಎಲೆಯ ಕೆಳಬದಿಯಲ್ಲಿ ನರಗಳ ಮೇಲಷ್ಟೇ ಗ್ರಂಥಿರೋಮ (ಅಲ್ಲಿ ಎಲ್ಲೆಡೆ ಸರಳ ರೋಮ), ಪುಷ್ಪಪಾತ್ರೆಯ ಹಾಲೆಗಳು ಹೂಕೊಳವೆಯ ಅರ್ಧದಷ್ಟು ಉದ್ದ (ಅಲ್ಲಿ ಕಾಲುಭಾಗ).’ ಮೂರು ಲಕ್ಷಣ, ಒಂದೂ ಇನ್ನೊಂದರ ಅಳತೆಯೊಳಗೆ ಕಾಲಿಟ್ಟಿಲ್ಲ, ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಭಾಗಗಳಿಂದ ಬಂದವು. ‘ಎಲೆ ಉದ್ದ, ಎಲೆ ಅಗಲ, ತೊಟ್ಟು ಉದ್ದ’ ಎಂದಿದ್ದರೆ ಅದು ‘ದೊಡ್ಡ ಗಿಡ’ ಅನ್ನುವ ಒಂದೇ ಲಕ್ಷಣದ ಮೂರು ವೇಷ.

ಅಂದಹಾಗೆ, ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯೇ ಹೇಳುತ್ತದೆ: ಬರೀ ಅಂದ, ಔಷಧಿಯ ಅಥವಾ ಅಡುಗೆಯ ಉಪಯೋಗ, ಬೆಳೆಸುವ ವಿಧಾನ, ಸಿಗುವ ಜಾಗ ಇಂಥವನ್ನು ಹೇಳಿದರೆ ವಿವರಣೆಯೂ ಆಗದು, ಡಯಾಗ್ನೋಸಿಸ್ಸೂ ಆಗದು. ಭಾಷೆ ಇಂಗ್ಲಿಷ್ ಅಥವಾ ಲ್ಯಾಟಿನ್. 1935ರಿಂದ 2011ರ ಕೊನೆಯವರೆಗೆ ಲ್ಯಾಟಿನ್ ಕಡ್ಡಾಯವಿತ್ತು. 2012ರ ಜನವರಿ 1ರಿಂದ ಇಂಗ್ಲಿಷ್ ಕೂಡ ನಡೆಯುತ್ತದೆ.

ಹೋಲೋಟೈಪ್: ಒಂದು ಹಾಳೆ, ಒಂದು ದಿನ

ಹೆಸರು ಅಂಟಿಕೊಳ್ಳುವುದು ಪ್ರಭೇದಕ್ಕಲ್ಲ, ಒಂದು ಒಣಗಿದ ಮಾದರಿಗೆ. ಅದೇ ಹೋಲೋಟೈಪ್. ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ಲೇಖನದಲ್ಲಿ ಹೇಳಲೇಬೇಕು, ‘ಹೋಲೋಟೈಪ್’ ಅಥವಾ ‘ಟೈಪ್’ ಎಂಬ ಪದವನ್ನು ಬಳಸಲೇಬೇಕು; 1990ರಿಂದ ಇದು ನಿಯಮ. ಅದೇ ಸಂಗ್ರಹದ ಉಳಿದ ಪ್ರತಿಗಳು ಐಸೋಟೈಪ್‌ಗಳು. ಅವನ್ನು ಬೇರೆ ಬೇರೆ ಹರ್ಬೇರಿಯಂಗಳಿಗೆ ಹಂಚಿ, ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯುತ್ತದೆ.

ಎಡವುವ ಜಾಗ ಇದು: ಹೂ ಏಪ್ರಿಲ್‌ನಲ್ಲಿ ಸಿಕ್ಕಿತು, ಕಾಯಿ ಅಕ್ಟೋಬರ್‌ನಲ್ಲಿ. ಎರಡನ್ನೂ ಸೇರಿಸಿ ಟೈಪ್ ಎಂದರೆ ಹೆಸರೇ ಸಿಂಧುವಾಗುವುದಿಲ್ಲ. ಟೈಪ್ ಒಂದೇ ಸಂಗ್ರಹದ್ದಾಗಿರಬೇಕು. ಹೂವಿನ ಹಾಳೆಯನ್ನು ಹೋಲೋಟೈಪ್ ಮಾಡಿ, ಕಾಯಿಯದನ್ನು ಪ್ಯಾರಾಟೈಪ್ (ಲೇಖನದಲ್ಲಿ ಹೆಸರಿಸುವ ಹೆಚ್ಚುವರಿ ಮಾದರಿ) ಎಂದು ಉಲ್ಲೇಖಿಸಿ. ಕುಂಡದಲ್ಲಿ ಬೆಳೆಸಿದ ಜೀವಂತ ಗಿಡ ಟೈಪ್ ಆಗದು. ಪೊದೆಯ ಮಟ್ಟಿಗೆ ಫೋಟೋ ಎಷ್ಟೇ ಚೆನ್ನಾಗಿದ್ದರೂ ಆಗದು.

ಹೆಸರು

ಎಲ್ಲರಿಗೂ ಇಷ್ಟವಾದ ಭಾಗ, ಅತಿ ಕಡಿಮೆ ಹೊತ್ತು ಹಿಡಿಯಬೇಕಾದ ಭಾಗ. ಎರಡನೆಯ ಪದದ ಲಿಂಗ ಕುಲದ ಲಿಂಗಕ್ಕೆ ಹೊಂದಬೇಕು. ರೋಡೋಡೆಂಡ್ರಾನ್ ನಪುಂಸಕಲಿಂಗ, ಆದ್ದರಿಂದ ಅರ್ಬೋರಿಯಮ್. ಸ್ಟ್ರೋಬಿಲಾಂಥೀಸ್ ಸ್ತ್ರೀಲಿಂಗ, ಆದ್ದರಿಂದ ಕುಂತಿಯಾನಾ. ಜಾಗದ ಹೆಸರಿಗೆ ‘ಎನ್ಸಿಸ್’ ಅಥವಾ ನಪುಂಸಕಕ್ಕೆ ‘ಎನ್ಸೆ’. ವ್ಯಕ್ತಿಯ ಹೆಸರಿಗೆ ಗಂಡಸೋ ಹೆಂಗಸೋ ನೋಡಿ ಪ್ರತ್ಯಯ. ಮೇಲಿನ ಲೋಕಿಯೇ ಲೇಡಿ ಲಾಕ್ ಅವರ ನೆನಪಿನದು. ಮ್ಯುಲರ್ ಬರೆದದ್ದು ‘ಲೋಕೇ’, ಆಮೇಲೆ ನಿಯಮದಂತೆ ತಿದ್ದುಪಡಿಯಾಯಿತು. ಬೆಟ್ಟದ್ದೆಂದು ‘ಮೊಂಟಾನಮ್’ ಎಂದಿಡುವ ಆಸೆಯಾದರೆ ಮೊದಲು ಐಪಿಎನ್‌ಐ ನೋಡಿ. ಅದೇ ಕುಲದಲ್ಲಿ ಅದೇ ಪದ ಯಾರಾದರೂ ಬಳಸಿದ್ದರೆ, ಆ ಹೆಸರು ಈಗ ಚಲಾವಣೆಯಲ್ಲಿ ಇಲ್ಲದಿದ್ದರೂ, ನಿಮಗೆ ಸಿಗದು. ನಿಮ್ಮದೇ ಹೆಸರಿಡುವುದನ್ನು ನಿಯಮ ತಡೆಯುವುದಿಲ್ಲ. ಸಂಕೋಚ ತಡೆಯಬೇಕು. 2026ರ ಜನವರಿ 1ರಿಂದ ಬರುವ ಹೊಸ ಹೆಸರು ಯಾವುದೇ ಜನಸಮುದಾಯವನ್ನು ಹೀಗಳೆಯುವಂತಿದ್ದರೆ ಅದನ್ನು ತಿರಸ್ಕರಿಸುವ ದಾರಿಯೂ ಈಗ ಸಂಹಿತೆಯಲ್ಲಿದೆ.

ಪತ್ರಿಕೆಗೆ ಕಳಿಸುವ ಮೊದಲು

ಅಪಾಯದ ಮಟ್ಟ ಬರೆಯುವಾಗ ಆತುರ ಬೇಡ. ‘ಒಂದೇ ಜಾಗದಲ್ಲಿದೆ, ಹಾಗಾಗಿ ತೀವ್ರ ಅಪಾಯದಲ್ಲಿದೆ’ ಎಂಬ ಸಾಲು ಎಷ್ಟೋ ಲೇಖನಗಳಲ್ಲಿ ಬರುತ್ತದೆ, ಅದು ತಪ್ಪು. ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆಯ ಮಾನದಂಡದಲ್ಲಿ ಹರವು 100 ಚದರ ಕಿ.ಮೀ.ಗಿಂತ ಅಥವಾ ನೆಲೆ 10 ಚದರ ಕಿ.ಮೀ.ಗಿಂತ ಕಡಿಮೆ ಇರುವುದರ ಜೊತೆಗೆ, ಚೂರುಚೂರಾದ ನೆಲೆ, ಮುಂದುವರಿದ ಕುಸಿತ, ವಿಪರೀತ ಏರಿಳಿತ ಈ ಬಗೆಯ ಮೂರರಲ್ಲಿ ಎರಡು ಷರತ್ತು ತುಂಬಬೇಕು. ಸುತ್ತಲ ಬೆಟ್ಟಗಳನ್ನು ಹುಡುಕಿಯೇ ಇಲ್ಲದಿದ್ದರೆ ‘ಮಾಹಿತಿ ಸಾಲದು’ ಎಂಬುದೇ ಪ್ರಾಮಾಣಿಕ ವರ್ಗ. ಹೂ ಚೆಂದವಿರುವ ಪೊದೆಯಾದರೆ ಜಿಪಿಎಸ್ ಅಂಕಿಗಳನ್ನು ಪೂರ್ತಿ ಅಚ್ಚು ಹಾಕಿಸಬೇಡಿ. ಗಿಡ ಕದಿಯುವವರೂ ಸಸ್ಯಶಾಸ್ತ್ರದ ಪತ್ರಿಕೆ ಓದುತ್ತಾರೆ.

ರೇಖಾಚಿತ್ರ ಬಿಡಬೇಡಿ. ಸೀಳಿ ಹರಡಿದ ಹೂವನ್ನು, ರೋಮದ ಬುಡವನ್ನು, ಕೇಸರದ ತಿರುವನ್ನು ಕ್ಯಾಮೆರಾಕ್ಕಿಂತ ಒಳ್ಳೆಯ ಕಲಾವಿದರ ಪೆನ್ನು ಸ್ಪಷ್ಟವಾಗಿ ತೋರಿಸುತ್ತದೆ. ಹತ್ತಿರದ ಪ್ರಭೇದಗಳನ್ನೂ ಸೇರಿಸಿದ ಕೀಲಿಯನ್ನು ಬರೆದು, ಈ ಗಿಡಗಳನ್ನು ಎಂದೂ ನೋಡದ ಸ್ನೇಹಿತರೊಬ್ಬರ ಕೈಗೆ ಹಾಳೆಗಳ ಜೊತೆ ಕೊಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೀಲಿ ತಪ್ಪಾಗಿದೆ.

ಹೆಸರನ್ನು ಪ್ರಕಟಣೆಗೆ ಮೊದಲು ಎಲ್ಲೂ ಹರಿಯಬಿಡಬೇಡಿ, ಫೋಟೋದ ಕೆಳಗೂ ಬೇಡ. ವಿವರಣೆಯಿಲ್ಲದೆ ಓಡಾಡುವ ಹೆಸರಿಗೆ ಬೆಲೆಯಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಐಎಸ್‌ಎಸ್‌ಎನ್ (ನಿಯತಕಾಲಿಕದ ಗುರುತು ಸಂಖ್ಯೆ) ಇರುವ ಪತ್ರಿಕೆಯ ಪಿಡಿಎಫ್ ಸಾಕು, 2012ರಿಂದ ಕಾಗದದ ಪ್ರತಿ ಕಡ್ಡಾಯವಲ್ಲ.

ಲೇಖನ ಬಂದ ದಿನ ಇನ್ನೊಂದು ಸಣ್ಣ ಕೆಲಸ ಇದೆ. ಹರ್ಬೇರಿಯಂಗೆ ಹೋಗಿ ಆ ಹಾಳೆಯ ಮೇಲೆ ಹೆಸರು, ಪತ್ರಿಕೆ, ಪುಟ, ವರ್ಷ ಬರೆದ ‘ಹೋಲೋಟೈಪ್’ ಚೀಟಿ ಅಂಟಿಸಿ, ಅದನ್ನು ಸಾಮಾನ್ಯ ಕಪಾಟಿನಿಂದ ತೆಗೆಸಿ ಟೈಪ್‌ಗಳ ಕೆಂಪು ಅಂಚಿನ ಹೊದಿಕೆಗೆ ಸೇರಿಸಿ. ಹಾಗೆಯೇ ಪಕ್ಕದ ಕಟ್ಟುಗಳನ್ನೂ ಒಮ್ಮೆ ಬಿಚ್ಚಿ ನೋಡಿ. ಬೇರೆ ಹೆಸರಿನಡಿ ಮಲಗಿರುವ ನಿಮ್ಮ ಪೊದೆಯ ಹಳೆಯ ಹಾಳೆಯೊಂದು ಸಿಕ್ಕಿದರೆ, ಅದಕ್ಕೂ ತಿದ್ದುಪಡಿಯ ಚೀಟಿ ಅಂಟಿಸಿ ದಿನಾಂಕ ಹಾಕಿ.